ಬೆರೆಗ್ ಜಿಲ್ಲೆಯ ಬದರೀನಾರಾಯಣರು

ಚಾಮರಾಜಪೇಟೆಯ ಬದರೀನಾರಾಯಣರು ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಮನಸ್ಸಿಗೆ ಮಾತ್ರ ಹಂಗೇರಿಯ ಬೆರೆಗ್ ಎಂಬ, ಈಗ ಇಲ್ಲದ ಜಿಲ್ಲೆಯಲ್ಲಿ ವಾಸ. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಅಟ್ಲಾಸಿನಲ್ಲಿ ಅದು ಕಣ್ಣಿಗೆ ಬಿದ್ದಂದಿನಿಂದ ಮನೆಯ ಯಾವ ಮಾತೂ ಅಲ್ಲಿಗೆ ಹೋಗದೆ ಮುಗಿಯುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಹೆಂಡತಿ ಅಂಬುಜಮ್ಮ ಗೊಣಗಿದರೆ, "ಬೆರೆಗ್‌ನೋರು ಕೂತ ಜಗಲಿ ಬಿಟ್ಟು ಏಳದೇನೆ, ಬರೀ ಗಡಿ ಸರಿದೂ ಸರಿದೂ, ನಾಲ್ಕು ದೇಶದ ಪ್ರಜೆಗಳಾದ್ರು ಕಣೇ, ನಿಂಗೆ ಒಂದು ದಿನ ನೀರಿಲ್ದೆ ಇರಕ್ಕಾಗಲ್ವಾ?" ಎನ್ನುತ್ತಾರೆ. ತಟ್ಟೆಯಲ್ಲಿ ಸಾಂಬಾರು ಚಟ್ನಿಯೊಳಕ್ಕೆ ಹರಿದರೆ ಗಡಿ ಬದಲಾಯಿತೆಂದು ಘೋಷಿಸಿ, ಎರಡು ದೇಶಗಳನ್ನೂ ಇಡ್ಲಿಯಲ್ಲಿ ಬಳಿದು ಮುಗಿಸುತ್ತಾರೆ. ಹಳೆಯ ಪುಸ್ತಕ ಯಾವುದೇ ತಂದರೂ ಮೊದಲು ರಬ್ಬರು ಹಿಡಿದು ಕೂತು, ಹಿಂದಿನವರು ಗೀಚಿದ ಪೆನ್ಸಿಲ್ ಗುರುತನ್ನೆಲ್ಲ ಅಳಿಸಿಯೇ ಓದುವ ಶಿಸ್ತು ಅವರದು. ಆದರೆ ಆ ಅಟ್ಲಾಸಿನಲ್ಲಿ, ಬೆರೆಗ್‌ನ ಒಂದು ಊರಿನ ಸುತ್ತ ಯಾರೋ ಪೆನ್ಸಿಲಿನಲ್ಲಿ ಎಳೆದ ಪುಟ್ಟ ಸೊನ್ನೆಯನ್ನು ಮಾತ್ರ ಹದಿನೆಂಟು ವರ್ಷದಿಂದ ಮುಟ್ಟಿಲ್ಲ. "ಇದೊಂದನ್ನ ಯಾಕೆ ಬಿಟ್ರಿ?" ಎಂದು ಅಂಬುಜಮ್ಮ ಕೇಳಿದ ದಿನ ಮೇಷ್ಟ್ರ ದನಿ ತಗ್ಗಿತು: "ಗುರುತು ಹಾಕ್ದೋರ ಮನೆ ಅಲ್ಲಿತ್ತೋ ಏನೋ. ನಕ್ಷೆ ಬರೆಯೋರು ಎಷ್ಟೋ ಸಲ ಅಳಿಸಿದಾರೆ, ನಾನೂ ಅಳಿಸ್ಲಾ?"