ಸ್ವೆಟರಿಗೆ ಹಿಡಿದ ಗ್ಯಾಸ್ ವಾಸನೆ

ನಾವು ತಯಾರಿಸುವ, ವಿದ್ಯುತ್ ಹಾಯಿಸಿದರೆ ಬೆಳಕು ಕೊಡುವ ಹಳದಿ ಪಾಲಿಮರ್ ಯಾವ ದ್ರಾವಕದಲ್ಲೂ ಕರಗದು, ಕಾಯಿಸಿದರೂ ಹರಿಯದು. ಗಾಜಿಗೆ ಬಳಿಯುವುದು ಹೇಗೆ? ಅದಕ್ಕೇ ಮೊದಲು ಕರಗುವಂಥ ಪೂರ್ವರೂಪ ಮಾಡಿ, ತೆಳ್ಳಗೆ ಬಳಿದು, ಆಮೇಲೆ ಗಾಳಿ ತಾಗದಂತೆ ಕೊಳವೆಯೊಳಗೆ ಕಾಯಿಸುತ್ತೇವೆ. ಬಿಸಿಗೆ ಅದರ ಸರಪಳಿಯಿಂದ ಗಂಧಕದ ತುಣುಕೊಂದು ಕಳಚಿಕೊಳ್ಳುತ್ತದೆ. ನಮಗೆ ಬೇಕಾದದ್ದು ಗಾಜಿನ ಮೇಲೆ ಉಳಿಯುತ್ತದೆ. ಕಳಚಿದ್ದು ಮಾತ್ರ ಸುಮ್ಮನೆ ಹೋಗುವುದಿಲ್ಲ; ಥೇಟ್ ಅಡುಗೆ ಗ್ಯಾಸ್ ಸೋರಿದ ಹಾಗೆ ನಾರುತ್ತದೆ.

ಕೊಪ್ಪದಲ್ಲಿ ನಮ್ಮ ಮೇಷ್ಟರು ನಿವೃತ್ತಿಯ ನಂತರ ಕಟ್ಟಿಕೊಂಡ ಸಣ್ಣ ಪ್ರಯೋಗಾಲಯದಲ್ಲಿ ನನಗೆ ಈ ಕೆಲಸ. ಹೊರಬರುವ ಆವಿಯನ್ನು ಬ್ಲೀಚ್ ನೀರಿನಲ್ಲಿ ಹಾಯಿಸಿ ವಾಸನೆ ಕೊಲ್ಲುತ್ತೇವೆ. ಅವತ್ತು ರಬ್ಬರ್ ಬಿರಡೆ ಸಡಿಲವಾಗಿ, ಅಷ್ಟೂ ನನ್ನ ಉಣ್ಣೆಯ ಸ್ವೆಟರಿಗೆ ಹಿಡಿಯಿತು.

ಶೃಂಗೇರಿ ಬಸ್ಸಿನಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡ. "ಯಾರದು ಸಿಲಿಂಡರ್ ಹತ್ಸಿದ್ದು? ಅದಕ್ಕೂ ಲಗೇಜ್ ಟಿಕೆಟ್ ಉಂಟು ಮಾರಾಯ್ರೆ!"

"ಗ್ಯಾಸಿಗೆ ವಾಸನೆಯೇ ಇಲ್ಲ," ಎಂದೆ. "ಸೋರಿದ್ದು ಗೊತ್ತಾಗ್ಲಿ ಅಂತ ಬೇರೇನೋ ಬೆರೆಸ್ತಾರೆ. ವಾಸನೆ ಇದ್ದ ಮಾತ್ರಕ್ಕೆ ಗ್ಯಾಸ್ ಇದೆ ಅನ್ನೋದು ಯಾವ ನ್ಯಾಯ?"

"ನ್ಯಾಯ ಕೋರ್ಟಲ್ಲಿ ಕೇಳಿ. ಇಲ್ಲಿ ಕಿಟಕಿ ತೆಗೀರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಆದರೂ ತರ್ಕ ನನ್ನದೇ ಸರಿ ಇತ್ತು.

ಶೃಂಗೇರಿಯಲ್ಲಿ ನಾನಿರುವುದು ಸೋದರತ್ತೆಯ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಅವರು ಯಾತ್ರಿಕರಿಗೆ ಊಟ ಹಾಕುತ್ತಾರೆ. ನಾನು ಹೊಸಿಲು ದಾಟುತ್ತಿದ್ದಂತೆ ಕೇಳಿದರು: "ಎಂತ ಕೂಸೆ, ಗ್ಯಾಸ್ ವಾಸ್ನೆ ಬರ್ತಾ ಇದ್ಯಲ್ಲೆ?"

"ಅದು ನನ್ನ ಸ್ವೆಟರ್, ಅತ್ತೆ." ಬಸ್ಸಿನಲ್ಲಿ ಹೇಳಿದ್ದನ್ನೇ ಇನ್ನೂ ಚೆಂದ ಮಾಡಿ ಹೇಳಿದೆ.

"ನಿನ್ನ ಹತ್ರ ಮಾತಾಡಿ ಗೆದ್ದೋರು ಯಾರು! ಹೋಗು, ಅದನ್ನ ಹಿತ್ಲಿಗೆ ಎಸ್ದು ಬಾ. ನಾನು ಸಾರಿಗೆ ಇಡ್ತೀನಿ."

ಸ್ವೆಟರನ್ನು ಹಿತ್ತಿಲ ತಂತಿಗೆ ಹಾಕಿ, ಕೈಕಾಲು ಮುಖ ತೊಳೆದು, ತುಸು ಹೊತ್ತು ಗಾಳಿಗೆ ನಿಂತೆ. ಮೂಗು ತಿಳಿಯಾಯಿತು. ಒಳಗೆ ಕಾಲಿಟ್ಟೆ.

ಸ್ವೆಟರ್ ಹೊರಗಿತ್ತು. ವಾಸನೆ ಒಳಗಿತ್ತು.

ಅತ್ತೆ ಒಲೆಯ ಮುಂದೆ ನಿಂತಿದ್ದರು, ಕೈಯಲ್ಲಿ ಲೈಟರ್. ಓಡಿಹೋಗಿ ಅವರ ಮಣಿಕಟ್ಟು ಹಿಡಿದೆ.

"ಎಂತಾಯ್ತೆ?"

"ಹಚ್ಬೇಡಿ."

"ಸ್ವೆಟರ್ ಅಂದ್ಯಲ್ಲೆ!"

"ಅಲ್ಲ ಅತ್ತೆ. ಹೊರಗೆ ಬನ್ನಿ."

ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಅಂಗಳಕ್ಕೆ ಬಂದೆವು. ಒಳಗೆ ಚೆನ್ನಾಗಿ ಗಾಳಿಯಾಡಿದ ಮೇಲೆ ಅತ್ತೆ ಪೈಪಿಗೆ ಸಾಬೂನು ನೀರು ಸವರಿ, ರೆಗ್ಯುಲೇಟರ್ ತೆರೆದು ನೋಡಿದರು. ಪೈಪಿನ ಬುಡದಲ್ಲಿ ಗುಳ್ಳೆಯೊಂದು ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಇದ್ದದ್ದು ಎರಡು ವಾಸನೆ. ನಾನು ಒಂದಕ್ಕೆ ಕಾರಣ ಕೊಟ್ಟು ಎರಡರ ಬಾಯಿಯನ್ನೂ ಮುಚ್ಚಿಸಿದ್ದೆ.

ಪೈಪು ಬದಲಾಯಿತು. ಈಗ ಸ್ವೆಟರನ್ನು ಕೊಪ್ಪದಲ್ಲೇ ಬಿಟ್ಟು ಬರುತ್ತೇನೆ. ಆದರೂ ಸಂಜೆ ಅತ್ತೆ ಲೈಟರ್ ಹಿಡಿದು ಕೇಳುತ್ತಾರೆ: "ವಾಸ್ನೆ ಉಂಟೇನೆ? ಹಚ್ಲಾ?"

ದಿನವಿಡೀ ಅದೇ ವಾಸನೆಯಲ್ಲಿ ಕೂತು ಮರಗಟ್ಟಿದ ಮೂಗು ನನ್ನದು. ಅದು ಇಲ್ಲ ಎಂದರೆ ನಂಬುವುದು ಹೇಗೆ? ಸಾಬೂನು ನೀರಿನ ಬಟ್ಟಲು ಮುಂದಿಡುತ್ತೇನೆ. ಒಂದೂ ಗುಳ್ಳೆ ಏಳುವುದಿಲ್ಲ. ಆಮೇಲೂ, ಲೈಟರ್ ಚಟ್ ಎನ್ನುವಾಗ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.