ನೇಸಮ್ಮ ಟೀಚರ್ ಹೇಳಿದ ಒಂದೇ ಸುಳ್ಳು

ಹಿನ್ನೀರಿನ ಆಚೆ ದಡದಿಂದ ದೋಣಿ ಬಂದರೆ ನೇಸಮ್ಮ ಟೀಚರ್ ಈಗಲೂ ಕೈಕೆಲಸ ಬಿಟ್ಟು ನೋಡುತ್ತಾರೆ. ಎಂಥ ದಿನಗಳವು! ಸಿಂಹಳ ಪಾದ್ರಿ ಲಯನಲ್ ವೀರಕ್ಕೊಡಿ ದೋಣಿಯ ಮುಂದೆ, ತಮಿಳರಾದ ಟೀಚರ್ ಹಿಂದೆ, ನಡುವೆ ಒಂದು ಹಾರ್ಮೋನಿಯಂ. ಶ್ರೀಲಂಕೆಯ ಮಟ್ಟಕ್ಕಳಪ್ಪಿನ ಸುತ್ತ ಅವರು ಸುವಾರ್ತೆ ಹೊತ್ತು ಹೋಗದ ಕೇರಿಯಿಲ್ಲ. ಪಾದ್ರಿ ಸಿಂಹಳದಲ್ಲಿ ಹೇಳುವುದು, ಟೀಚರ್ ಅದನ್ನು ತಮಿಳಿಗೆ ತಿರುಗಿಸುವುದು. ಕ್ರಿಸ್ತನನ್ನು ಒಪ್ಪಿದವರು ಬೆರಳೆಣಿಕೆಯಷ್ಟು. ಚಹಾ ಕೊಡದೆ ಕಳಿಸಿದವರು ಅದಕ್ಕಿಂತ ಕಡಿಮೆ. ಕೋವಿಲಿನ ಪೂಜಾರಿ ಮನೆಯಲ್ಲೂ ಚಹಾ, ಮುಸಲ್ಮಾನರ ಕೇರಿಯಲ್ಲೂ ಚಹಾ.

ಸಿಂಹಳರ ಸೀಮೆಯ ಗಾಲೆಯಿಂದ ಬಂದ ಹೊಸತರಲ್ಲಿ ಪಾದ್ರಿಗೆ ತಮಿಳು ಒಂದಕ್ಷರ ಬಾರದು. ಊರವರು ‘ಅಯ್ಯಾ’ ಎಂದದ್ದೇ ತಡ, ಮನುಷ್ಯನ ಕಣ್ಣು ತುಂಬಿತು. ತಮಿಳರಿಗೆ ಅಯ್ಯಾ ಎಂದರೆ ದೊಡ್ಡವರೇ ಎಂದಷ್ಟೆ. ಯಾವ ಪಾದ್ರಿ ಬಂದರೂ ಹಾಗೇ ಕರೆಯುತ್ತಾರೆ. ಸಿಂಹಳದಲ್ಲಿ ಅಯ್ಯಾ ಎಂದರೆ ಅಣ್ಣ. ಊರಿಗೆ ಊರೇ ತನ್ನನ್ನು ಅಣ್ಣನನ್ನಾಗಿ ಮಾಡಿಕೊಂಡಿತೆಂದು ನಂಬಿದ ಆ ಪುಣ್ಯಾತ್ಮ, ಗಂಡಸರನ್ನೆಲ್ಲ ‘ಮಲ್ಲಿ’ ಎಂದು ಕರೆಯತೊಡಗಿದರು. ಅವರ ಭಾಷೆಯಲ್ಲಿ ಅದು ತಮ್ಮ, ತಮಿಳರಿಗೆ ಕೊತ್ತಂಬರಿ. ನಮ್ಮನ್ನೆಲ್ಲ ಸಾರಿಗೆ ಹಾಕ್ತಾರೋ ಏನೋ ಎಂದು ಸಭೆಯ ಹಿರಿಯ ತಂಬಿರಾಸ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸಿದ. ಪಾದ್ರಿಯ ಭ್ರಮೆ ಬಿಡಿಸಲು ಟೀಚರಿಗೆ ಮನಸ್ಸು ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಮೂರು ವರ್ಷ ಕಳೆಯಿತು.

ಎಂಬತ್ಮೂರರ ಗಲಭೆಯಲ್ಲಿ ಸಿಂಹಳದ ಪುಂಡರು ತಂಬಿರಾಸನ ತಮ್ಮನ ಕೊಲಂಬೊದ ಅಂಗಡಿ ಸುಟ್ಟರು. ಹುಡುಗ ಲಾರಿಯಲ್ಲಿ ಊರಿಗೆ ಬಂದು ಇಳಿದಾಗ ಮಾತೇ ಬಿಟ್ಟಿದ್ದ. ಆ ಭಾನುವಾರ ತಂಬಿರಾಸ ತುಂಬಿದ ಸಭೆಯಲ್ಲಿ ಎದ್ದು, ಸಿಂಹಳದವರಿಗೆ ಇಲ್ಲಿ ಜಾಗವಿಲ್ಲ, ಗಂಟುಮೂಟೆ ಕಟ್ಟಲಿ ಎಂದ. ಅದನ್ನೂ ಟೀಚರೇ ತಿರುಗಿಸಿ ಹೇಳಬೇಕಾಯಿತು. ನಾಲಿಗೆ ಬಿದ್ದುಹೋಗಬಾರದೇ ಅನ್ನಿಸಿತು ಅವರಿಗೆ.

ಮಧ್ಯಾಹ್ನ ಪಾದ್ರಿ ಪೆಟ್ಟಿಗೆ ಕಟ್ಟುತ್ತ ಕೇಳಿದರು: “ಬಸ್ಸಿನ ಕಂಡಕ್ಟರಿಗೂ ಇವರು ಅಯ್ಯಾ ಅಂತಾರಲ್ಲ ತಂಗಿ. ನಿಜ ಹೇಳು, ನನ್ನನ್ನ ಅಣ್ಣ ಅಂತ್ಲೇ ಕರೀತಿದ್ರಾ?”

ಒಬ್ಬರ ಮಾತನ್ನು ತಿರುಚುವುದು ಮಹಾಪಾಪ ಎಂದು ನಂಬಿ ಬದುಕಿದವರು ಟೀಚರ್. ಆದರೆ ನಿಜ ಹೇಳಿದರೆ ಸಂಜೆಯ ಬಸ್ಸಿಗೆ ಈ ಮನುಷ್ಯ ಹೊರಟೇಬಿಡುತ್ತಾರೆ, ಇನ್ನು ಯಾವ ಸಿಂಹಳದವನೂ ಈ ಕಡೆ ಕಾಲಿಡುವುದಿಲ್ಲ.

“ಹೌದು, ಅಣ್ಣ ಅಂತ್ಲೇ,” ಎಂದುಬಿಟ್ಟರು.

ಪಾದ್ರಿ ಪೆಟ್ಟಿಗೆ ಬಿಚ್ಚಿದರು. ಎರಡು ತಿಂಗಳು ಊರಲ್ಲಿ ಯಾರೂ ಅವರೊಡನೆ ಮಾತಾಡಲಿಲ್ಲ. ಅವರು ಮಾತ್ರ ದಿನವೂ ತಂಬಿರಾಸನ ಜಗಲಿಗೆ ಹೋಗಿ, ಮಾತು ಬಿಟ್ಟ ತಮ್ಮನ ಪಕ್ಕ ಸುಮ್ಮನೆ ಕೂತು ಬರುತ್ತಿದ್ದರು. ತಂಬಿರಾಸ ಬೈದ, ಬಾಗಿಲು ಹಾಕಿಕೊಂಡ, ಕೊನೆಗೆ ಸಾಕಾಗಿ ಬಿಟ್ಟ. ಒಂದು ಮಧ್ಯಾಹ್ನ ಟೀಚರ್ ಅಲ್ಲಿಗೆ ಹೋದಾಗ ತಂಬಿರಾಸ ಹಬೆಯಾಡುವ ಅಕ್ಕಿಹಿಟ್ಟಿನ ಪಿಟ್ಟು, ಮೀನಿನ ಸಾರು ತಂದು ಪಾದ್ರಿಯ ಮುಂದೆ ಕುಕ್ಕಿದ. “ಅಯ್ಯಾ, ತಿನ್ನು. ಆರಿ ಹೋಗ್ತದೆ.”

ತಿನ್ನು! ಪಾದ್ರಿಯೊಡನೆ ಯಾರೂ ಏಕವಚನದಲ್ಲಿ ಆಡುವುದಿಲ್ಲ; ಅದೇನಿದ್ದರೂ ಮನೆಯವರಿಗೆ. ಟೀಚರ್ ತೆಂಗಿನಮರದ ಮರೆಗೆ ಹೋಗಿ ಸೆರಗು ಬಾಯಿಗಿಟ್ಟು ಅತ್ತರು.

ಹನ್ನೊಂದು ವರ್ಷದ ಮೇಲೆ ಪಾದ್ರಿ ಜ್ವರ ಬಂದು ಅಲ್ಲೇ ತೀರಿಕೊಂಡರು. ಯುದ್ಧದ ನಡುವೆಯೇ ಸೈನಿಕರ ಚೆಕ್‌ಪೋಸ್ಟುಗಳನ್ನೆಲ್ಲ ದಾಟಿ ಗಾಲೆಯಿಂದ ಅವರ ಸ್ವಂತ ಅಕ್ಕ ಬಂದರು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರನ್ನು ನೋಡುತ್ತ, ಇಷ್ಟು ವರ್ಷ ನಮ್ಮನ್ನು ಬಿಟ್ಟು ಈ ಬೆಂಕಿಯಲ್ಲಿ ಯಾಕಿದ್ದ ಎಂದು ಟೀಚರನ್ನು ಕೇಳಿದರು. ಏನಂತೆ ಎಂದ ತಂಬಿರಾಸ. ಟೀಚರ್ ತಮಿಳಿಗೆ ತಿರುಗಿಸಿ ಹೇಳಿದರು.

“ಇದೇನು ಕೇಳೋ ಮಾತಾ?” ಎಂದ ಅವನು. “ತಮ್ಮಂದಿರನ್ನ ಬಿಟ್ಟು ಅಣ್ಣ ಎಲ್ಲಿಗೆ ಹೋಗ್ತಾನೆ ಅಂತ ಹೇಳಿ ಅವರಿಗೆ.”

ಟೀಚರ್ ಅಕ್ಕನ ಕಡೆ ತಿರುಗಿ, ಅದನ್ನು ಒಂದಕ್ಷರವೂ ತಿರುಚದೆ ಸಿಂಹಳದಲ್ಲಿ ಹೇಳಿದರು.