ಮುಸುರಿ ನೀರಿನ ಮಲ್ಲಿಗೆ

ನಿನ್ನೆ ಸೆರಗಿನ ತುದಿಗೆ ಕಟ್ಟಿಕೊಂಡು ಮರೆತಿದ್ದ ನಾಲ್ಕು ಮಲ್ಲಿಗೆ ಮೊಗ್ಗು ಬೆಳಗ್ಗೆ ಸೀರೆ ಮಡಿಚುವಾಗ ಕೈಗೆ ಸಿಕ್ಕವು. ಬಾಡಿದ್ದರೂ ವಾಸನೆ ಹೋಗಿರಲಿಲ್ಲ. ಮುಂಗಾರಿನ ಮಿರಗದ ಮಳೆ ಇನ್ನೂ ಬಂದಿಲ್ಲ. ಹುಕ್ಕೇರಿಯ ನಮ್ಮ ಓಣಿಯ ಗಿಡಗಳೆಲ್ಲ ಬರೀ ಕಡ್ಡಿಯಾಗಿ ನಿಂತಿವೆ. ನಮ್ಮ ಹಿತ್ತಲಲ್ಲಿ ಮಾತ್ರ ಮಲ್ಲಿಗೆ, ಅಬ್ಬಲಿಗೆ, ಕೆಂಪು ದಾಸವಾಳ ದಿನಾ ಅರಳುತ್ತಿವೆ. ಸಾಲೆಯ ಸೂಟಿಗೆ ಬಂದ ಮೊಮ್ಮಕ್ಕಳು ನೀವಿಬ್ಬರೂ ಕೇಳುತ್ತಲೇ ಇರುತ್ತೀರಿ, "ಆಯಿ, ನಿನ್ನ ಗಿಡಾ ಅಷ್ಟಽ ಹೆಂಗ ಹೂ ಬಿಡ್ತಾವ?" ನಾನು ನಕ್ಕು ಒಳಗೆ ಹೋಗುತ್ತೇನೆ. ಎದುರಿಗೆ ನಿಂತು ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದು ನನ್ನಿಂದ ಆಗದ ಕೆಲಸ. ಬರೆದರೆ ಆದೀತೇನೋ. ತವರೂರು ಮೇಲವಂಕಿಯ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಕೈ ಇದು. ಒತ್ತಕ್ಷರ ತಪ್ಪಿದ್ದಕ್ಕೆ ನಗುವುದಿದ್ದರೆ ಪೂರ್ತಿ ಓದಿ ಆಮೇಲೆ ನಗಿರಿ.

ಈ ಹಿತ್ತಲು ಮೊದಲು ನನ್ನ ಅತ್ತೆಯದು. ಮಲ್ಲಿಗೆಯ ಸಸಿಯನ್ನು ಅವರು ಗೋಕಾಕದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರಂತೆ. ಕಂಡಕ್ಟರ್, "ಕೂಸಿಗೆ ಅರ್ಧ ಟಿಕೀಟ ತಗೀರಿ ಬಾಯಾರ" ಎಂದು ಚಾಷ್ಟಿ ಮಾಡಿದ್ದನಂತೆ. ಖರೇನೇ ಕೂಸಿನ ಹಾಗೆ ಸಾಕಿದರು. ಬೆಳಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಆ ಗಿಡದ್ದೇ ಐದು ಹೂವು ಬೇಕು. ಪೂಜೆಯ ಹೂವಿಗೆ ಬಾವಿಯ ನೀರು ಮಾತ್ರ. ಉಂಡ ಪಾತ್ರೆ ತೊಳೆದ ಮುಸುರಿ ನೀರು ಬಾಳೆಗೆ, ನುಗ್ಗೆಗೆ. ನಾನು ಸೊಸೆಯಾಗಿ ಬಂದ ಮೊದಲ ವಾರವೇ ಇದನ್ನು ನನಗೆ ಕಲಿಸಿದ್ದರು.

ನಾನು ಬಂದ ಎರಡನೆಯ ಬೇಸಿಗೆಯಲ್ಲಿ ಬಾವಿಯ ತಳ ಕಂಡಿತು. "ಇನ್ನ ಗಿಡಕ್ಕ ಒಂದ ತಂಬಿಗಿನೂ ಇಲ್ಲ" ಅಂದರು ಮಾವ. ಅತ್ತೆ ಎದುರಾಡಲಿಲ್ಲ. ದಿನಾ ಸಂಜೆ ಮಲ್ಲಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಣಗಿದ ಎಲೆ ಒಂದೊಂದಾಗಿ ತೆಗೆಯುತ್ತಿದ್ದರು. ಅದನ್ನು ನೋಡುವುದು ನನ್ನಿಂದ ಆಗಲಿಲ್ಲ. ಮಧ್ಯಾಹ್ನ ಅವರು ಮಲಗಿದ ಮೇಲೆ ಮುಸುರಿ ನೀರನ್ನು ಹಳೆಯ ಧೋತರದ ಚೂರಿನಲ್ಲಿ ಸೋಸಿ ಮಲ್ಲಿಗೆಗೆ ಹಾಕತೊಡಗಿದೆ. ಆಗ ಪಾತ್ರೆ ತಿಕ್ಕುತ್ತಿದ್ದದ್ದು ಒಲೆಯ ಬೂದಿಯಿಂದ. ಬೂದಿಯ ಕಸುವೋ ಅನ್ನದ ಗಂಜಿಯ ಕಸುವೋ, ಗಿಡ ಚಿಗುರಿತು, ಆಮೇಲೆ ಮೊಗ್ಗಾಯಿತು. ಓಣಿಯಲ್ಲಿ ಯಾರ ಮನೆಯಲ್ಲೂ ಒಂದು ಹೂವಿಲ್ಲದಾಗ ನಮ್ಮಲ್ಲಿ ಬುಟ್ಟಿ ತುಂಬುತ್ತಿತ್ತು.

"ಒಣ ಎಲಿ ತಗದ ತಗದ ಜೀವಾ ಉಳಿಸೇನವ್ವಾ. ನನ್ನ ಕೈಗುಣ ಹಂಗ ಐತಿ" ಎಂದು ಅತ್ತೆ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳುವರು. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುವೆ. ಆ ಹೂವು ಲಿಂಗದ ಮೇಲೆ ಕೂತಾಗೆಲ್ಲ ನಾನು ಬೆನ್ನು ತಿರುಗಿಸಿ ಒಲೆ ಊದುತ್ತಿದ್ದೆ. ಹೇಳಿದರೆ ಇಷ್ಟು ದಿನದ ಪೂಜೆ ಕೆಟ್ಟಿತೆಂದು ಅತ್ತೆ ಕುಸಿದಾರು, ನನ್ನನ್ನು ಮೇಲವಂಕಿಗೆ ಅಟ್ಟಿಯಾರು. ಹೇಳದಿದ್ದರೆ ದಿನಾ ಅವರಿಗೆ ಮೋಸ.

ಒಂದು ದಿನ ಮನೆಯಲ್ಲಿ ಮಠದ ಅಯ್ಯನವರ ಪಾದಪೂಜೆ ಇಟ್ಟುಕೊಂಡರು. ಮೂಡಲಗಿಯಿಂದ ಅತ್ತೆಯ ತಂಗಿ ಬಂದಿದ್ದರು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಅತ್ತೆ ಹೂವಿನ ಬುಟ್ಟಿಗೆ ಕೈ ಹಾಕಿದರು. ಆಗ ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಅತ್ತೀ, ಆ ಹೂವು ಬ್ಯಾಡ್ರಿ. ಆ ಗಿಡಕ್ಕ ನಾ ಮುಸುರಿ ನೀರ ಹಾಕೇನ್ರಿ."

ಮೂಡಲಗಿಯವರು ಗಲ್ಲಕ್ಕೆ ಕೈ ಹಚ್ಚಿದರು. "ಯವ್ವಾ! ಮೇಲವಂಕ್ಯಾಗ ದೇವರಿಗೆ ಇದನ್ನಽ ಏರಸ್ತಾರೇನ?" ನನ್ನ ಕಣ್ಣು ನೆಲದಿಂದ ಮೇಲೇಳಲಿಲ್ಲ.

ಅತ್ತೆ ಬುಟ್ಟಿಯಿಂದ ಕೈ ತೆಗೆದರು. ಆಮೇಲೆ ಕೇಳಿದರು, "ಯಾರ ಮುಸುರಿ ಅದು?"

"ನಮ್ದಽ ರಿ. ಮನ್ಯಾಗಿನವರದು."

ನಮ್ಮ ಹಿರಿಯರ ರೂಢಿ ನೀವು ನೋಡಿಲ್ಲ. ಊಟ ಮುಗಿದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನು ಕುಡಿದೇ ಏಳುತ್ತಿದ್ದರು. ಉಂಡದ್ದು ಪ್ರಸಾದ, ಅಗುಳೂ ಚೆಲ್ಲಬಾರದು ಎಂದು. ಅತ್ತೆ ತಂಗಿಯ ಕಡೆ ತಿರುಗಿ ಅಂದರು:

"ಗಂಗಾಳಾ ತೊಳದ ನೀರ ನೀನೂ ದಿನಾ ಕುಡೀತಿ, ನಾನೂ ಕುಡೀತೇನಿ. ನಾವು ಕುಡದರ ಪ್ರಸಾದ, ಮಲ್ಲಿಗಿ ಕುಡದರ ಮೈಲಿಗಿ ಏನ? ಪೂಜಿ ಹೂವಿಗೆ ಮುಸುರಿ ಬ್ಯಾಡಂತ ನಮ್ಮತ್ತಿ ಹೇಳಿದ್ಲು, ನಾ ಇಕಿಗೆ ಹೇಳಿದೆ. ನಡುವ ಯಾರೂ ವಿಚಾರಽ ಮಾಡಲಿಲ್ಲ."

ಅಯ್ಯನವರು ನಕ್ಕು ಪಾದ ಮುಂದೆ ಮಾಡಿದರು. ಅತ್ತೆ ಬೊಗಸೆ ತುಂಬ ಹೂವು ಏರಿಸಿದರು. ಆಮೇಲೆ ನನ್ನ ಕಡೆ ಕಣ್ಣು ಬಿಟ್ಟರು. "ಅಲ್ಲಾ, ಊರ ತುಂಬ ನನ್ನ ಕೈಗುಣ ಅಂತ ಹೇಳಿಕೋತ ಬಂದೇನಿ. ಮೊದಲಽ ಬಾಯಿ ಬಿಡಾಕ ಏನಾಗಿತ್ತ ನಿನಗ?" ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು, ನಿಮ್ಮ ಮುತ್ಯಾ, ನಗು ತಡೆಯಲಾರದೆ ಹೊರಗೆ ಓಡಿದರು. ಮರುದಿನದಿಂದ ಕಟ್ಟೆಯ ಮೇಲಿನ ಮಾತು ಬದಲಾಯಿತು: "ನಮ್ಮ ಸೊಸಿ ಕೈಗುಣ."

ಈಗ ಅತ್ತೆ ಇಲ್ಲ, ನಿಮ್ಮ ಮುತ್ಯಾನೂ ಇಲ್ಲ, ಅಂದು ಕೇಳಿಸಿಕೊಂಡ ಓಣಿಯ ಹೆಂಗಸರೂ ಇಲ್ಲ. ಗಿಡದ ಗುಟ್ಟು ಕೇಳಿದವರಿಗೆ ನಾನು ಇಷ್ಟು ವರ್ಷ, "ಏನಿಲ್ಲವ್ವಾ, ಮಣ್ಣ ಚಲೋ ಐತಿ" ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಇಷ್ಟು ಬರೆಯುವಷ್ಟರಲ್ಲಿ ಬಾಜೂ ಮನೆಯ ಶಾಂತಾ ಪೂಜೆಗೆ ಹೂ ಕೇಳುತ್ತ ಬಂದಳು. ಹೂವು ಬಿಡಿಸಿಕೊಳ್ಳುತ್ತ ಎಂದಿನಂತೆ ಗುಟ್ಟು ಕೇಳಿದಳು. ಇವತ್ತು ಹೇಳಿಬಿಟ್ಟೆ. ಅವಳು ಕೈಯಲ್ಲಿದ್ದ ಹೂವನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಹಂಗಾದರ ನಮ್ಮ ಮುಸುರಿನೂ ನಿಮ್ಮ ಗಿಡಕ್ಕಽ ತಂದ ಹಾಕ್ತೇನ್ರಿ ಆಯಿ. ಹೂವು ಅರ್ಧಾ ನಿಮಗ, ಅರ್ಧಾ ನಮಗ."

"ಬ್ಯಾಡವ್ವಾ, ನೀ ಸಾಬಣಪುಡಿ ಹಾಕಿ ತಿಕ್ಕತಿ" ಅಂದೆ. "ಹೂವು ಎಷ್ಟ ಬೇಕಾದ್ರೂ ಒಯ್ಯಿ. ನೀರ ಮಾತ್ರ ನಾನಽ ಹಾಕಾಕಿ. ಈ ಗಿಡಾ ನಂದು."

ದನಿ ಸ್ವಲ್ಪ ಜೋರೇ ಆಯಿತು ಅಂತ ಕಾಣುತ್ತದೆ. ಒಳಗೆ ಮಲಗಿದ್ದ ನೀವಿಬ್ಬರೂ ಎದ್ದು ಹಿತ್ತಲ ಬಾಗಿಲಿಗೆ ಬಂದು, ಇಷ್ಟು ಗಟ್ಟಿಯಾಗಿ ಮಾತಾಡಿದವರು ಯಾರೆಂದು ನೋಡುತ್ತಿದ್ದಿರಿ.